ಡಯಾಬ್ಲೊ 2 ರಿಸರೆಕ್ಟೆಡ್: ಯಾರನ್ನು ಹೊಡೆದರೆ ಏನು ಬೀಳುತ್ತದೆ?

ಪುಣೆಯ ಹಿಂಜವಡಿಯಲ್ಲಿ ನಮ್ಮ ರೂಮು. ಮಳೆ ಹಿಡಿದರೆ ನಾನು, ಧಾರವಾಡದ ಗೆಳೆಯ ಇಬ್ಬರೂ 2021ರ ಈ ಗೇಮ್ ಹಾಕಿಕೊಂಡು ಕೂರುತ್ತೇವೆ. ಗ್ರಾಫಿಕ್ಸ್ ಚೆನ್ನಾಗಿದೆ, ಅದಿರಲಿ. ನನಗೆ ಹಿಡಿಸಿದ್ದು ಲೂಟಿ, ಅಂದರೆ ಸತ್ತ ರಾಕ್ಷಸರು ಬೀಳಿಸುವ ಸಾಮಾನು, ಹಂಚಿರುವ ರೀತಿ. ರೂನ್ (ಆಯುಧ, ಕವಚಕ್ಕೆ ಕೂರಿಸುವ ಮಂತ್ರದ ಕಲ್ಲು) ಬೇಕಾದರೆ ಮೊದಲ ಆಕ್ಟಿನ, ಅಂದರೆ ಕಥೆಯ ಮೊದಲ ಭಾಗದ, ಗೋಪುರದ ತಳದಲ್ಲಿರುವ ಕೌಂಟೆಸ್ ಎಂಬ ವೈರಿಯ ಹತ್ತಿರ ಹೋಗಬೇಕು, ಒಳ್ಳೆ ಯೂನಿಕ್ ಐಟಂ (ತನ್ನದೇ ಹೆಸರಿರುವ ಅಪರೂಪದ ಸಾಮಾನು) ಬೇಕಾದರೆ ಮೂರನೇ ಆಕ್ಟಿನ ದೊಡ್ಡ ರಾಕ್ಷಸ ಮೆಫಿಸ್ಟೊನನ್ನು ಹತ್ತಾರು ಸಲ ಕೊಲ್ಲಬೇಕು, ಹೀಗೆ ಒಬ್ಬೊಬ್ಬ ವೈರಿಯನ್ನು ಹುಡುಕಿಕೊಂಡು ಹೋಗಲು ಒಂದೊಂದು ಕಾರಣ ಇದೆ. ಎಲ್ಲರ ಜೇಬಲ್ಲೂ ಒಂದೇ ಸಾಮಾನು ತುಂಬಿದ್ದರೆ ಸುಮ್ನೆ ಹತ್ತಿರ ಸಿಕ್ಕವರನ್ನೇ ಬಡಿಯುತ್ತಿದ್ದೆವು, ಅಲ್ವಾ?

ಪಿಸಿಯಲ್ಲಿ ಆಫ್‌ಲೈನ್ ಆಡುವಾಗ ‘ಪ್ಲೇಯರ್ಸ್ 8’ ಕಮಾಂಡ್ (ಎಂಟು ಜನ ಆಡುತ್ತಿದ್ದಾರೆ ಅಂತ ಗೇಮ್‌ಗೆ ಹೇಳುವುದು) ಕೊಟ್ಟರೆ ರಾಕ್ಷಸರ ಆಯುಸ್ಸು ಜಾಸ್ತಿ, ಏನೂ ಬೀಳಿಸದೆ ಸಾಯುವವರು ಕಡಿಮೆ. ನ್ಯಾಯವಾದ ವ್ಯಾಪಾರ.

ಜೊತೆಗೆ ಆಡುವಾಗ ಮಾತ್ರ ಹುಷಾರು. ಡಯಾಬ್ಲೊ 3ರಲ್ಲಿ ಅವರವರ ಪಾಲು ಅವರವರಿಗೇ ಬೀಳುತ್ತದೆ. ಇಲ್ಲಿ ಮೊದಲು ಕ್ಲಿಕ್ ಮಾಡಿದವನದ್ದೇ ಮಾಲು. ಮೊನ್ನೆ ಉಂಗುರ ಬಿದ್ದಾಗ ನಾನು ಮಿಸಳ್‌ಗೆ ನಿಂಬೆ ಹಿಂಡುತ್ತಿದ್ದೆ. ಪುಣ್ಯಾತ್ಮ ಇನ್ನೂ ವಾಪಸ್ ಕೊಟ್ಟಿಲ್ಲ.