ಗ್ರೀಸಿನ ‘ನೆ’, ಬಲ್ಗೇರಿಯಾದ ‘ನೆ’

ಗ್ರೀಸ್‌ಗೆ ಹೋಗಲೋ, ಪಕ್ಕದ ಬಲ್ಗೇರಿಯಾಗೋ ಅಂತ ಯೋಚಿಸುತ್ತಿದ್ದೀರಾ? ‘ನೆ’ ಅನ್ನೋ ಪುಟ್ಟ ಪದ ಮೊದಲು ತಿಳಿದಿರಲಿ. ಗ್ರೀಕಿನಲ್ಲಿ ಅದು ‘ಹೌದು’. ಗಡಿ ದಾಟಿದರೆ ಅದೇ ‘ನೆ’ ಅಂದರೆ ‘ಇಲ್ಲ’!

ಗ್ರೀಕರು ಇಲ್ಲ ಅನ್ನೋಕೆ ‘ಓಹಿ’ ಅಂತಾರೆ. 1940ರ ಅಕ್ಟೋಬರ್ 28ರಂದು ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಬೆದರಿಕೆಗೆ ಗ್ರೀಸ್ ಮಣಿಯಲಿಲ್ಲ. ಆ ದಿನವನ್ನು ಇಂದಿಗೂ ‘ಓಹಿ ದಿನ’ ಎಂದೇ ಆಚರಿಸುತ್ತಾರೆ. ಎಷ್ಟು ಚೆಂದ ಅಲ್ವಾ? ಅಂಗಡಿಯವರು ಸುಮ್ನೆ ಹುಬ್ಬೇರಿಸಿ ತಲೆಯನ್ನು ಹಿಂದಕ್ಕೆ ಎತ್ತಿದರೂ ‘ಇಲ್ಲ’ ಅಂತಲೇ.

ಬಲ್ಗೇರಿಯಾದಲ್ಲಿ ಹೌದು ಅಂದರೆ ‘ದಾ’. ಆದರೆ ಹೌದು ಅನ್ನುವಾಗ ತಲೆಯನ್ನು ಅತ್ತಿತ್ತ ಆಡಿಸುತ್ತಾರೆ, ಇಲ್ಲ ಅನ್ನುವಾಗ ಮೇಲೆ ಕೆಳಗೆ. ಹೊಸಬರಿಗೆ ಇದೇ ಜಾಸ್ತಿ ಕಷ್ಟ. ನನ್ನ ಪ್ರಕಾರ ಮೊದಲ ಪ್ರವಾಸಕ್ಕೆ ಗ್ರೀಸ್ ಸುಲಭ. ಬಲ್ಗೇರಿಯಾಗೇ ಹೋಗುವುದಾದರೆ, ತಲೆ ನೋಡಬೇಡಿ, ಮಾತು ಕೇಳಿ.