ಮೈಸೂರು ಅರಸಿಯರ ತೈಲಚಿತ್ರದ ಕ್ಯಾನ್ವಾಸ್ ಪ್ರತಿ: ತಿದ್ದಬಾರದ್ದನ್ನು ತಿದ್ದಿದ್ದಾರೆ

ಐರ್ಲೆಂಡಿನ ಕಲಾವಿದ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ, ಮೈಸೂರು ಅರಮನೆಯ ಮೂವರು ಹೆಂಗಸರ ತೈಲಚಿತ್ರದ ಕ್ಯಾನ್ವಾಸ್ ಪ್ರತಿಯನ್ನು ಕಳೆದ ತಿಂಗಳು ಆನ್‌ಲೈನ್ ಅಂಗಡಿಯೊಂದರಿಂದ ತರಿಸಿಕೊಂಡೆ. ಬಟ್ಟೆ ದಪ್ಪವಾಗಿದೆ, ಚೌಕಟ್ಟಿನ ಮೂಲೆಗಳು ಬಿಗಿಯಾಗಿ ಕೂಡಿವೆ, ಒಡವೆಗಳ ಹೊಳಪು ಚೆನ್ನಾಗಿ ಮೂಡಿದೆ. ಆದರೂ ಇದನ್ನು ಹಿಂದಿರುಗಿಸಬೇಕಾಯಿತು.

ಮೂಲಚಿತ್ರದಲ್ಲಿ ಎಡಗಡೆಯ ಅರಸಿಯ ಮೂಗಿನ ಕೆಳಗೆ ಮತ್ತು ಬಾಯಿಯ ಸುತ್ತ ಬಣ್ಣಗೆಟ್ಟ ಛಾಯೆಯಿದೆ. ಸಿಡುಬು ಬಾರದಂತೆ ಅದರ ಹಕ್ಕಳೆಯನ್ನು ಪುಡಿಮಾಡಿ ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತು ಅದೆಂದೂ, ಬಲಗಡೆಯ ಕಿರಿಯ ರಾಣಿ ಸೆರಗು ಸರಿಸಿ ತೋರಿಸುತ್ತಿರುವುದು ಆಗಷ್ಟೇ ಬಂದಿದ್ದ ಹೊಸ ಲಸಿಕೆಯನ್ನು, ಅಂದರೆ ನಮ್ಮ ಹಿರಿಯರ ಮಾತಿನಲ್ಲಿ ದೇವಿ ಹಾಕಿಸಿಕೊಂಡ ತೋಳನ್ನು ಎಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅವರ ಪ್ರಕಾರ ಇವರಿಬ್ಬರೂ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ನಡುವಿನವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿಯವರೆಂಬ ಅಭಿಪ್ರಾಯವೂ ಇದೆ. ಆ ವಾದವನ್ನು ಒಪ್ಪಲಿ, ಬಿಡಲಿ, ನೋಡುವವರು ಪರೀಕ್ಷಿಸಲು ಆ ಛಾಯೆ ಅಲ್ಲಿರಲೇಬೇಕು. ಮುದ್ರಕರು ಮುಖವನ್ನು ಬೆಳ್ಳಗೆ ನುಣುಪಾಗಿಸಿ ಅದನ್ನು ಪೂರ್ತಿ ಅಳಿಸಿದ್ದಾರೆ.

ಜೊತೆಗೆ ಬಂದ ವಿವರಣೆಯ ಹಾಳೆ ಈ ಮೂವರನ್ನು ‘ನರ್ತಕಿಯರು’ ಎಂದು ಕರೆದಿರುವುದು ನನಗೆ ಇನ್ನೂ ಹೆಚ್ಚು ನೋವುಂಟುಮಾಡಿತು. 2007ರಲ್ಲಿ ಚಿತ್ರವು ಲಂಡನ್ನಿನಲ್ಲಿ ಹರಾಜಿಗೆ ಬಂದಾಗಲೂ ಮೊದಲು ಹಾಗೆಯೇ ಭಾವಿಸಲಾಗಿತ್ತು. ಪೂರ್ವದೇಶದ ಹೆಣ್ಣೆಂದರೆ ಅಂತಃಪುರದ ವಿಲಾಸಿನಿಯೇ ಇರಬೇಕೆಂಬ ಐರೋಪ್ಯ ಕಣ್ಣಿನ ಹಳೆಯ ಅಭ್ಯಾಸವನ್ನು ಇಂದು ನಮ್ಮ ಅಂಗಡಿಗಳೇ ಮುಂದುವರಿಸಬೇಕಾಗಿಲ್ಲ.

ಕಲಾವಿದನ ಜೀವನಕ್ಕೆ ಹಾಳೆಯಲ್ಲಿ ದೊರೆತಿರುವುದು ಎರಡೇ ಸಾಲು. 1741ರಲ್ಲಿ ಡಬ್ಲಿನ್ನಿನ ಮಿಠಾಯಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಹುಟ್ಟಿ, ಇಟಲಿಯಲ್ಲಿ ಕಲಿತು, 1780ರಲ್ಲಿ ಭಾರತಕ್ಕೆ ಹೊರಟ ಹಡಗು ಶತ್ರುಗಳ ಕೈವಶವಾದ್ದರಿಂದ ಕೆಲವು ವರ್ಷ ಲಿಸ್ಬನ್ನಿನಲ್ಲಿ ಉಳಿದು, ಕಲ್ಕತ್ತೆ ಸೇರಿ, ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯ ನಿಯೋಗದೊಡನೆ ಚೀನಾಕ್ಕೂ ಹೋಗಿಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನೂ ಗೆದ್ದ ಅಧಿಕಾರಿಗಳನ್ನೂ ಚಿತ್ರಿಸಿ, 1824ರಲ್ಲಿ ಮದರಾಸಿನಲ್ಲಿ ತೀರಿಕೊಂಡ ಮನುಷ್ಯ ಆತ. ಟಿಪ್ಪುವಿನ ಪತನದ ಬಗ್ಗೆ ಆತ ಯೋಜಿಸಿದ್ದ ದೊಡ್ಡ ಚಿತ್ರಮಾಲೆ ಕೈಗೂಡಲಿಲ್ಲ. ಗೆದ್ದವರಿಗಾಗಿ ಕುಂಚ ಹಿಡಿದ ಈತ ಅರಸಿಯರ ಮುಖವನ್ನು ಇಷ್ಟು ಗೌರವದಿಂದ ನೋಡಿದ್ದು ಹೇಗೆಂಬ ಪ್ರಶ್ನೆಗೇ ಒಂದು ಪುಟ ಮೀಸಲಿಡಬಹುದಿತ್ತು.

ಅಂಗಡಿಯವರು ಹಣವನ್ನು ತಕರಾರಿಲ್ಲದೆ ಮರಳಿಸಿದರು. ಕೊಳ್ಳುವವರು ಎಡಗಡೆಯ ಮುಖದ ಹತ್ತಿರದ ಫೋಟೋ ಕೇಳಿ ಪಡೆದ ನಂತರವೇ ಹಣ ಕಟ್ಟಬೇಕೆಂದು ವಿನಂತಿಸುತ್ತೇನೆ.