ಮಗಳು ಬಂಗಾಳಿ ಶಾಲೆ, ಮಗ ಕನ್ನಡ ಶಾಲೆ: ದೆಹಲಿಯಲ್ಲಿ ಎರಡರ ಹೋಲಿಕೆ

ದೆಹಲಿಗೆ ವರ್ಗವಾಗಿ ಬರುವವರು ಆಗಾಗ ಕೇಳುತ್ತಾರೆ, ಮಕ್ಕಳನ್ನು ನಮ್ಮ ಭಾಷೆಯವರ ಶಾಲೆಗೆ ಹಾಕಬಹುದಾ ಅಂತ. ನಾನು ಹಾಸನದವನು, ಹೆಂಡತಿ ಬಂಗಾಳಿ. ಮಗಳು ಮಂದಿರ್ ಮಾರ್ಗದ ರೈಸಿನಾ ಬಂಗಾಳಿ ಶಾಲೆಗೆ ಹೋದಳು, ಮಗನನ್ನು ಲೋಧಿ ಎಸ್ಟೇಟ್‌ನ ದೆಹಲಿ ಕನ್ನಡ ಶಾಲೆಗೆ ಸೇರಿಸಿದೆವು. ಎರಡೂ ಸಿಬಿಎಸ್‌ಇ. ಹಾಗಾಗಿ ಗಣಿತ, ವಿಜ್ಞಾನದಲ್ಲಿ ಹೋಲಿಸೋಕೆ ಏನೂ ಇಲ್ಲ, ಅದೇ ಪುಸ್ತಕ, ಅದೇ ಪರೀಕ್ಷೆ.

ಬಂಗಾಳಿ ಶಾಲೆಯ ಹಿಂದೆ ದೊಡ್ಡ ಕಥೆ ಇದೆ. 1911ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಅಂತ ಘೋಷಣೆಯಾಯ್ತಲ್ಲ, ಕಚೇರಿಗಳ ಹಿಂದೆ ಬಂಗಾಳಿ ಗುಮಾಸ್ತರೂ ಗಂಟುಮೂಟೆ ಕಟ್ಟಿಕೊಂಡು ಬಂದರು, ಅವರ ಮಕ್ಕಳಿಗೆ ಶಾಲೆ ಬೇಕಾಯ್ತು. 1931ರಲ್ಲಿ ಹೊಸ ದೆಹಲಿಯ ಉದ್ಘಾಟನೆ ಆಗೋ ಮೊದಲೇ ಇದು ಶುರುವಾಗಿತ್ತು. ಅದೇ ರಸ್ತೆಯಲ್ಲಿ ಕಾಳಿಬಾಡಿ ಇದೆ, ಅಂದರೆ ಅವರ ಕಾಳಿ ಗುಡಿ. ಶಾಲೆ ಬಿಟ್ಟ ಮೇಲೂ ಮಗುವಿಗೆ ಬಂಗಾಳಿ ಕಿವಿಗೆ ಬೀಳುತ್ತೆ.

ನನಗೆ ತುಂಬಾ ಹಿಡಿಸಿದ್ದು ವಸಂತ ಪಂಚಮಿಯ ಸರಸ್ವತಿ ಪೂಜೆ. ನಮ್ಮಲ್ಲಿ ಶಾರದೆ ನವರಾತ್ರಿಯಲ್ಲೇ ಬಂದು ಹೋಗುತ್ತಾಳೆ, ಇವರಲ್ಲಿ ಮಾಘದ ಚಳಿಯಲ್ಲಿ. ಮಗಳು ಹಳದಿ ಸೀರೆ ಸುತ್ತಿಕೊಂಡು, ಪುಸ್ತಕವೆಲ್ಲ ದೇವಿಯ ಮುಂದೆ ಇಟ್ಟು, ಅಂಜಲಿ, ಅಂದರೆ ದೇವಿಗೆ ಹೂ ಅರ್ಪಿಸೋದು, ಮುಗಿಯೋವರೆಗೆ ಏನೂ ತಿನ್ನದೆ ಕೂರುತ್ತಿದ್ದಳು. ಆವತ್ತು ಓದೋ ಹಾಗಿಲ್ಲ, ಆಮೇಲೆ ಖಿಚುಡಿ. ಯಾವ ಮಗು ಬೇಡ ಅನ್ನುತ್ತೆ? ಬೋರೆಹಣ್ಣನ್ನೂ ಪೂಜೆಗೆ ಮೊದಲು ಮುಟ್ಟಬಾರದಂತೆ, ನಾನು ತಂದರೆ ನನಗೇ ಬೈಗುಳ.

ಬರವಣಿಗೆ ಮಾತ್ರ ಬಂಗಾಳಿಯಲ್ಲಿ ಕಷ್ಟ. ಶ, ಷ, ಸ ಬರೆಯೋಕೆ ಮೂರು, ಬಾಯಲ್ಲಿ ಹೆಚ್ಚುಕಡಿಮೆ ಒಂದೇ. ನ, ಣ ಕೂಡ ಹಾಗೇ. ಉಕ್ತಲೇಖನದಲ್ಲಿ ಮಗಳ ಅಂಕ ಹೋಗುತ್ತಿದ್ದದ್ದೆಲ್ಲ ಇಲ್ಲೇ. ಮಗನ ಕನ್ನಡದಲ್ಲಿ ತೊಂದರೆ ಉಲ್ಟಾ: ಒತ್ತಕ್ಷರ ಬೇಗ ಬಂತು, ಕೇಳಿದ ಹಾಗೇ ಬರೆದರೆ ಆಯ್ತು, ಆದರೆ ಕೇಳಿದ್ದೇ ತಪ್ಪು. ಹಿಂದಿ ಕಿವಿಗೆ ‘ಳ’ ಬೀಳುವುದೇ ಇಲ್ಲ, ‘ಹಳ್ಳಿ’ ಅವನಿಗೆ ಬಹಳ ಕಾಲ ‘ಹಲ್ಲಿ’ಯೇ ಆಗಿತ್ತು.

ಓಡಾಟದಲ್ಲಿ ಬಂಗಾಳಿ ಶಾಲೆ ಗೆದ್ದಿತು, ಗೋಲ್ ಮಾರ್ಕೆಟ್ ಹತ್ತಿರದ ನಮ್ಮ ಕ್ವಾರ್ಟರ್ಸ್‌ನಿಂದ ನಡೆದೇ ಹೋಗಬಹುದಿತ್ತು. ಕನ್ನಡ ಶಾಲೆಗೆ ದಿನಾ ಬಸ್ಸು.

ಇಷ್ಟಾದರೂ ನಮ್ಮ ಮನೆಗೆ ಕನ್ನಡ ಶಾಲೆಯಿಂದಲೇ ಲಾಭ ಜಾಸ್ತಿ ಅಂತೀನಿ. ಬಂಗಾಳಿಗೆ ಅಮ್ಮ ಇದ್ದಾಳೆ, ದಿದಿಮಾ, ಅಂದರೆ ಅಮ್ಮನ ಅಮ್ಮ, ಇದ್ದಾರೆ, ಬಂಗಾಳಿಗಳ ಬಡಾವಣೆ ಚಿತ್ತರಂಜನ್ ಪಾರ್ಕಿನ ಮೀನಂಗಡಿಯವರೂ ಇದ್ದಾರೆ. ಬಂಗಾಳಿ ಶಾಲೆಗೆ ಹೋಗದ ಮಗನೂ ಬಂಗಾಳಿ ಸಲೀಸಾಗಿ ಮಾತಾಡುತ್ತಾನೆ, ಓದೋಕೆ ಮಾತ್ರ ಬರಲ್ಲ. ಕನ್ನಡಕ್ಕೆ ಮನೆಯಲ್ಲಿ ನಾನೊಬ್ಬನೇ, ಅದೂ ಆಫೀಸಿಂದ ಬಂದ ಮೇಲೆ. ಮಗಳ ಕನ್ನಡ ‘ಊಟ ಆಯ್ತಾ’ ದಾಟಲಿಲ್ಲ. ಮಗ ಹಾಸನದ ಅಜ್ಜಿಗೆ ಕಾಗದ ಬರೆಯುತ್ತಾನೆ.

ಮನೆಯಲ್ಲಿ ಇಬ್ಬರೂ ಒಂದೇ ಭಾಷೆಯವರಾದರೆ ಲೆಕ್ಕ ಬೇರೆ, ಮಾತು ಹೇಗೂ ಬರುತ್ತೆ, ಓದು ಬರಹಕ್ಕಷ್ಟೇ ಶಾಲೆ ಬೇಕು. ಎರಡು ಮೂರು ವರ್ಷಕ್ಕೆ ಮತ್ತೆ ವರ್ಗ ಅನ್ನೋರು ಸುಮ್ನೆ ಕೇಂದ್ರೀಯ ವಿದ್ಯಾಲಯ ನೋಡಿ. ಯಾವ ಶಾಲೆಯಾದರೂ ಒಂಬತ್ತನೇ ಕ್ಲಾಸಲ್ಲಿ ನಿಮ್ಮ ಭಾಷೆಯನ್ನು ಪರೀಕ್ಷೆಗೆ ತೆಗೆದುಕೊಳ್ಳಬಹುದಾ ಅಂತ ಸೇರಿಸೋ ದಿನವೇ ಕೇಳಿಬಿಡಿ.